ಸಮಾಧಿ ಹಂಚಿದ ಮಾಲಿ

ಅವರ ಪ್ಯಾಂಟಿನ ಎರಡು ಮಂಡಿಗೂ ಲಾರಿ ಟೈರಿನ ತುಂಡು ಹೊಲಿದಿತ್ತು. ದಿನವಿಡೀ ಮಂಡಿಯೂರಿ, ಸಮಾಧಿ ಕಲ್ಲುಗಳ ಬುಡದ ಹುಲ್ಲನ್ನು ಕತ್ತರಿಯಿಂದಲೇ ಕತ್ತರಿಸುತ್ತಿದ್ದರು. ಮಿಷನ್ ತಾಗಿದರೆ ಕಲ್ಲಿಗೆ ಏಟಾಗುತ್ತದೆ, ಮಲಗಿದವರಿಗೆ ತಲೆನೋವು ಬರುತ್ತದೆ ಎನ್ನುತ್ತಿದ್ದರು. ನೈರೋಬಿಯ ಸೈನಿಕರ ಸ್ಮಶಾನದ ಮಾಲಿ. ಇಲ್ಲಿ ಹಿರಿಯರನ್ನೆಲ್ಲ ಕರೆಯುವಂತೆ ನಾನೂ ಅವರನ್ನು ಮ್ಜೇ ಎನ್ನುತ್ತಿದ್ದೆ.

ಅಲ್ಲಿಗೆ ನಾನು ಮೊದಲು ಹೋದದ್ದು ಭಕ್ತಿಯಿಂದಲ್ಲ, ಬೇಸರ ಕಳೆಯಲು. ಗಂಡನಿಗೆ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಬೆಳಿಗ್ಗೆ ಕ್ರಿಕೆಟ್. ಸೌತ್ ಸಿ ಬಡಾವಣೆಯ ಮನೆಯಲ್ಲಿ ಒಬ್ಬಳೇ ಕೂರುವ ಬದಲು ಅವರ ಜೊತೆ ಹೊರಟು, ಮೈದಾನದ ಹತ್ತಿರವೇ ಇದ್ದ ಆ ಗೇಟಿನೊಳಗೆ ಕಾಲಿಟ್ಟೆ. ಸಾಲುಸಾಲು ಬಿಳಿ ಕಲ್ಲು, ಒಂದೊಂದರ ಮುಂದೆಯೂ ಹೂಗಿಡ. ಸತ್ತವರನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ನನ್ನ ಅಪ್ಪನೂ ಸಿಪಾಯಿ. ಗಡಿಯಿಂದ ಅವರ ಪೆಟ್ಟಿಗೆ ಮಂಡ್ಯಕ್ಕೆ ಬಂದಾಗ ನನಗೆ ಒಂಬತ್ತು, ತಮ್ಮನಿಗೆ ಐದು. ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರಬಾರದು ಎಂದು ನನ್ನನ್ನು ಬಾಗಿಲಲ್ಲೇ ತಡೆದರು. ತಮ್ಮನನ್ನು ಚಿಕ್ಕಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಬೆಂಕಿ ಇಡಿಸಿದರು. ಬೂದಿ ಕಾವೇರಿಗೆ ಹೋಯಿತು. ತಮ್ಮನಿಗೆ ಅದೇನೂ ನೆನಪೇ ಇಲ್ಲವಂತೆ. ಅವನು ಮರೆತುಬಿಟ್ಟ ಆ ದಿನಕ್ಕಾಗಿ ನನಗೆ ಅವನ ಮೇಲೆ ಇವತ್ತಿಗೂ ಹೊಟ್ಟೆಕಿಚ್ಚು.

ಒಂದು ಭಾನುವಾರ ಹೊರದೇಶದಿಂದ ಬಂದ ಮುದುಕಿಯೊಬ್ಬಳು ತನ್ನ ಅಪ್ಪನ ಕಲ್ಲನ್ನು ತಬ್ಬಿಕೊಂಡು ಕೂತಿದ್ದಳು. ನಾನು ದುರುಗುಟ್ಟಿ ನೋಡುತ್ತಿದ್ದುದು ಮ್ಜೇ ಕಣ್ಣಿಗೆ ಬಿತ್ತು. ಏನೆಂದು ಕೇಳಿದರು. ನನ್ನ ಅರೆಬರೆ ಸ್ವಾಹಿಲಿಯಲ್ಲಿ ಎಲ್ಲ ಹೇಳಿಬಿಟ್ಟೆ. ಅವರು ಕತ್ತರಿಯನ್ನು ಜೇಬಿಗಿಟ್ಟು, ಕೊನೆಯ ಸಾಲಿನ ಒಂದು ಕಲ್ಲಿನ ಬಳಿ ಕರೆದೊಯ್ದರು. ಹೆಸರು ತಿಳಿಯದ ಸೈನಿಕ ಎಂದಷ್ಟೇ ಅದರ ಮೇಲಿತ್ತು.

“ಇವನನ್ನ ನೋಡೋಕೆ ಯಾರೂ ಬರಲ್ಲ. ನೀನು ಕೂತ್ಕೋ,” ಎಂದರು.

ಒಳಗಿರುವವನು ಇಪ್ಪತ್ತು ತುಂಬದ ಬಿಳಿ ಹುಡುಗನೇ ಇರಬಹುದು. ಇರಲಿ, ನಾನು ಅಪ್ಪಾ ಎಂದೆ. ಎರಡು ವರ್ಷ ಭಾನುವಾರ ತಪ್ಪಿಸಲಿಲ್ಲ. ಮ್ಜೇ ಅಷ್ಟು ದೂರದಲ್ಲಿ ಹುಲ್ಲು ಕತ್ತರಿಸುತ್ತ, ನಾನು ಅತ್ತರೆ ಬೆನ್ನು ತಿರುಗಿಸುತ್ತಿದ್ದರು. ಹೊರಡುವಾಗ ಅಪ್ಪ ಏನೆಂದರು ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು.

ಆಮೇಲೊಂದು ಭಾನುವಾರ ಮಾಮೂಲಿಗಿಂತ ಹೊತ್ತಾಗಿ ಹೋದೆ. ನೋಡಿದರೆ ನನ್ನ ಜಾಗದಲ್ಲಿ ಇನ್ನೊಬ್ಬಳು. ಅದೂ ನಮ್ಮ ಪಕ್ಕದ ಬಡಾವಣೆ ಸೌತ್ ಬಿಯಲ್ಲಿರುವ ಮಂಗಳೂರಿನವಳು, ಯುಗಾದಿ ಕೂಟದಲ್ಲಿ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ತಿಂದವಳು. ಅವಳ ಅಪ್ಪ ಹಡಗಿನ ಕೆಲಸಕ್ಕೆ ಹೋಗಿ ಸಮುದ್ರದಲ್ಲೇ ಕಾಣೆಯಾದವರು.

“ನಿಮಗೆ ಸಹ ಇದನ್ನೇ ತೋರಿಸಿದ್ದಾ ಮಾರಾಯ್ರೆ?” ಎಂದು ಅವಳೇ ಕೇಳಿದಳು.

ಸವತಿಯನ್ನು ಕಂಡವಳ ಹಾಗೆ ಮೈ ಉರಿದುಹೋಯಿತು. ನೇರವಾಗಿ ಮ್ಜೇ ಮೇಲೆ ಹಾರಿಬಿದ್ದೆ. ಹೆಸರಿಲ್ಲದ ಕಲ್ಲು ಇನ್ನೂ ಎಷ್ಟೋ ಇರುವಾಗ ನನ್ನದನ್ನೇ ಏಕೆ ಕೊಟ್ಟಿರಿ ಎಂದೆ. ಅವರು ಕತ್ತರಿ ಒರೆಸುವುದನ್ನು ನಿಲ್ಲಿಸಲಿಲ್ಲ.

“ನಿನಗೆ ಜ್ವರ ಬಂದ್ರೆ ಆ ವಾರ ಅವನ ಹತ್ರ ಯಾರು ಕೂತ್ಕೋತಾರೆ? ಅಪ್ಪಂದಿರಿಗೆ ಒಂದೇ ಮಗು ಸಾಲಲ್ಲ.”

ಒಂದು ತಿಂಗಳು ನಾನು ಅವಳ ಜೊತೆ ಮಾತಾಡಲಿಲ್ಲ. ಅವಳಿಗಿಂತ ಮೊದಲೇ ಹೋಗಿ, ನೆರಳು ಬೀಳುವ ಕಡೆ ಹಿಡಿದು ಕೂತುಬಿಡುತ್ತಿದ್ದೆ. ಆಮೇಲೆ ಅವಳು ಗೋಳಿಬಜೆ ಮಾಡಿ ತರತೊಡಗಿದಳು. ಎಷ್ಟು ದಿನ ಅಂತ ಮುಖ ಊದಿಸಿಕೊಂಡಿರಲಿ?

ಈ ವರ್ಷ ಮ್ಜೇ ತೀರಿಕೊಂಡರು. ಇಲ್ಲಿಯ ಹೆಚ್ಚಿನವರು ಎಲ್ಲಿ ಸತ್ತರೂ ಮಣ್ಣಾಗುವುದು ಹುಟ್ಟೂರಿನ ಮನೆಯಂಗಳದಲ್ಲೇ. ನಾನೂ ಮಂಗಳೂರಿನವಳೂ ಕಾರು ಮಾಡಿಕೊಂಡು, ದೇಶದ ಪಶ್ಚಿಮಕ್ಕಿರುವ ದೊಡ್ಡ ಸರೋವರದ ಕಡೆಯ ಅವರ ಹಳ್ಳಿಗೆ ಹೋದೆವು. ಅವರ ಮಗಳು, ಶಾಲೆಯ ಟೀಚರು, ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಗಂಡಸರು ಹೆಂಗಸರೆನ್ನದೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಭಾನುವಾರ ಅಪ್ಪಂಗೆ ರಜ ಇತ್ತು,” ಎಂದಳು. “ಊರಿಗೆ ಬನ್ನಿ ಅಂದ್ರೆ, ಇಬ್ಬರು ಹೆಣ್ಣುಮಕ್ಕಳು ಬರ್ತಾರೆ, ಆಗಲ್ಲ ಅಂತಿದ್ರು. ನಾವು ಕ್ರಿಸ್‌ಮಸ್‌ವರೆಗೂ ಕಾಯ್ತಿದ್ವಿ.”

ರಜವೆಂದು ನನಗೆ ಗೊತ್ತಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ. ಅವಳ ಕಣ್ಣಲ್ಲಿದ್ದದ್ದು ಏನೆಂದು ಮಾತ್ರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನ ವಿಷಯಕ್ಕೆ ನನ್ನನ್ನು ಕಂಡು ಇನ್ನೊಬ್ಬರು ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು. ಹಿಡಿಯಲ್ಲಿದ್ದ ಮಣ್ಣನ್ನು ಹಾಕಲೋ ಬೇಡವೋ ಎಂದು ನಿಂತೆ. ಅವಳೇ ಸ್ವಲ್ಪ ಸರಿದು ಜಾಗ ಬಿಟ್ಟಳು.