ಪ್ಯಾರಿಸ್ ರೀಡು

ಕ್ಯಾಲನೂರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಕ್ಯಾನು ಕೆಳಗಿಡುವ ಮೊದಲೇ ಯಾರಾದರೂ "ನೀರು ಹಾಕಿಲ್ಲ ಮೇಡಂ" ಎಂದರೆ ಆ ಹಾಲನ್ನು ಎರಡು ಸಲ ನೋಡುತ್ತೇನೆ. ಕೇಳದೆ ಬಂದ ಉತ್ತರದಲ್ಲಿ ನೀರು ಇದ್ದೇ ಇರುತ್ತದೆ. ಈ ಒಂದು ವಿದ್ಯೆಯನ್ನು ನಂಬಿಕೊಂಡು, ಬಿಡುವಾದಾಗ ಫೋನಿನಲ್ಲಿ ಹಳೆಯ ಹಾರ್ಮೋನಿಯಂಗಳ ಹರಾಜು ನೋಡುವುದನ್ನು ರೂಢಿ ಮಾಡಿಕೊಂಡೆ. ಕೊಳ್ಳುವುದಕ್ಕಲ್ಲ, ನಂಬದೆ ಇರುವುದಕ್ಕೆ.

ಮಾರುವವರು ಬರೆಯುವುದನ್ನು ಓದಿದರೆ ನಮ್ಮ ದೇಶದಲ್ಲಿ ಅರಮನೆಗಳಿಗಿಂತ ಅರಮನೆಯ ಹಾರ್ಮೋನಿಯಂಗಳೇ ಹೆಚ್ಚು. ಒಂದು ನೂರೈವತ್ತು ವರ್ಷದ್ದಂತೆ. ಫೋಟೋ ದೊಡ್ಡದು ಮಾಡಿದರೆ ಎಲ್ಲ ಸ್ಕ್ರೂಗಳ ತಲೆಯ ಮೇಲೂ ಆ ಕಾಲಕ್ಕೆ ಇನ್ನೂ ಹುಟ್ಟಿರದ ಪ್ಲಸ್ ಗುರುತು. ರಾಜಮನೆತನದ್ದು ಎಂದ ಇನ್ನೊಂದರ ಪೆಡಲಿಗೆ ಹವಾಯಿ ಚಪ್ಪಲಿಯ ರಬ್ಬರು ಹೊಡೆದಿದ್ದರು. ದೊಡ್ಡ ವಿದ್ವಾಂಸರೊಬ್ಬರು ನಲವತ್ತು ವರ್ಷ ನುಡಿಸಿದ್ದು ಎಂದು ಮತ್ತೊಬ್ಬರು ಬರೆದಿದ್ದರು. ಅಷ್ಟು ಕಾಲ ನುಡಿಸಿದವರು ಯಾವುದೋ ಒಂದು ಶ್ರುತಿಗೆ ಅಂಟಿಕೊಂಡಿರುತ್ತಾರೆ, ಅದರ ಕೀಗಳು ಹೆಚ್ಚು ಸವೆದಿರುತ್ತವೆ. ಇದರಲ್ಲಿ ಎಲ್ಲ ಕೀಗಳೂ ಒಂದೇ ಸಮ ಹಳದಿ. ಹಾಗೆ ಹಳದಿ ಮಾಡುವುದು ವಿದ್ವಾಂಸರಲ್ಲ, ಟೀ ಡಿಕಾಕ್ಷನ್. ನಾನು ಕೆಳಗೆ ವಿನಯದಿಂದ "ಎಲ್ಲ ಕೀಗಳನ್ನೂ ಅವರು ಲೆಕ್ಕ ಹಾಕಿ ಒಂದೇ ಸಮ ಮುಟ್ಟುತ್ತಿದ್ದರೇ ಸಾರ್?" ಎಂದು ಬರೆದೆ.

ಇದನ್ನೆಲ್ಲ ನನಗೆ ಕಲಿಸಿದ್ದು ಅಪ್ಪ. ಅವರು ನಾಟಕದ ಹಾರ್ಮೋನಿಯಂ ಮೇಷ್ಟ್ರು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ಟೊಮೇಟೊ ಬೆಳೆಯುವವರನ್ನೂ ರೇಷ್ಮೆ ಹುಳು ಸಾಕುವವರನ್ನೂ ಪೌರಾಣಿಕ ನಾಟಕದ ರಾಜರನ್ನಾಗಿ ಮಾಡುವುದು ಅವರ ಕಸುಬಾಗಿತ್ತು. ನನ್ನ ಪಕ್ಕ ಕೂತು ಫೋನು ನೋಡುತ್ತ, "ಅನ್ನೀ ಅಬದ್ಧಾಲೇ" ಎನ್ನುತ್ತಿದ್ದರು. ಎಲ್ಲ ಸುಳ್ಳೇ ಎಂದು. ಬೈಯುವುದಕ್ಕೆ ನಮ್ಮ ಮನೆಯಲ್ಲಿ ತೆಲುಗೇ ಆಗಬೇಕು. ಆಮೇಲೆ ಮೂಲೆಯಲ್ಲಿದ್ದ, ಕಾಲಲ್ಲಿ ತುಳಿಯುವ ತಮ್ಮ ಪೆಟ್ಟಿಗೆಯತ್ತ ತಿರುಗಿ, "ನಮ್ದು ನೋಡು, ಪ್ಯಾರಿಸ್ ರೀಡು" ಎನ್ನುತ್ತಿದ್ದರು.

ನಾಟಕದವರು ಹಾರ್ಮೋನಿಯಂಗೆ ಪೆಟ್ಟಿಗೆ ಎಂದೇ ಹೇಳುವುದು. ಅದರೊಳಗೆ ತಿದಿ ಊದುವ ಗಾಳಿಗೆ ಸ್ವರ ಹುಟ್ಟಿಸುವ ಹಿತ್ತಾಳೆಯ ಪಟ್ಟಿಗಳೇ ರೀಡು. ಪ್ಯಾರಿಸ್‌ನದಕ್ಕಿಂತ ಮೇಲಾದ ರೀಡು ಇಲ್ಲ ಎಂಬುದು ನಾಟಕದವರ ನಂಬಿಕೆ. ನಮ್ಮವು ಪ್ಯಾರಿಸ್‌ನಿಂದ ಬಂದವು ಎಂದು ನಾನು ಸ್ಕೂಲಿನಲ್ಲಿ ಎಷ್ಟು ಜಂಬ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಊರ ಹಾಲನ್ನೆಲ್ಲ ಅನುಮಾನಿಸುವವಳು ಸ್ವಂತ ಹಸುವಿನ ಹಾಲನ್ನು ಪರೀಕ್ಷೆಗೆ ಹಾಕಿರಲಿಲ್ಲ.

ಹೋದ ವರ್ಷ ಅಪ್ಪನ ಕೈ ನಡುಗುವುದು ಜಾಸ್ತಿಯಾಯಿತು. ಒಂದು ದಿನ ಪೆಟ್ಟಿಗೆಯ ಮುಚ್ಚಳ ಹಾಕಿ, "ಮಾರಾಕ್ಬಿಡಮ್ಮ. ಸುಮ್ನೆ ಇಟ್ರೆ ತಿದಿನ ಇಲಿ ತಿನ್ನುತ್ತೆ. ಆದ್ರೆ ನುಡಿಸೋರಿಗೇ ಕೊಡ್ಬೇಕು. ಷೋಕೇಸಿಗೆ ಹೋಗ್ಕೂಡ್ದು" ಎಂದರು. ಹೆಚ್ಚು ಮಾತಾಡುವವರಲ್ಲ. ಅಷ್ಟು ಹೇಳಿದರೆಂದರೆ ಅದೇ ಅವರ ಆಸೆ.

ಹರಾಜಿಗೆ ಹಾಕಲು ರೀಡುಗಳ ಫೋಟೋ ಬೇಕಿತ್ತು. ಅಪ್ಪ ಸ್ನಾನಕ್ಕೆ ಹೋದಾಗ ಮೇಲಿನ ಹಲಗೆ ಬಿಚ್ಚಿದೆ. ಹಿತ್ತಾಳೆಯ ಮೇಲೆ ಮುದ್ರೆಯೊತ್ತಿದ್ದ ಊರು ಗುಜರಾತಿನದು. ಟಾರ್ಚು ಹಾಕಿ ಎರಡನೇ ಸಲ ನೋಡಿದೆ. ಗುಜರಾತು ಅಲ್ಲೇ ಇತ್ತು. ಹಲಗೆ ಮುಚ್ಚಿ ಅಲ್ಲೇ ಕೂತೆ. ನನಗೆ ಅಳು ಬಂತು, ಯಾಕೆ ಮುಚ್ಚಿಡಲಿ.

ಕಾಫಿ ಕೊಡುವಾಗ ಹೇಳಿದೆ: "ಅಪ್ಪ, ರೀಡು ಪ್ಯಾರಿಸ್‌ದಲ್ಲ."

"ಅಲ್ಲ" ಎಂದು ಅಪ್ಪ ಕಾಫಿ ಊದಿಕೊಂಡರು.

"ನಿಂಗೆ ಗೊತ್ತಿತ್ತಾ?"

"ವರ್ಷ ವರ್ಷ ಬಿಚ್ಚಿ ಶ್ರುತಿ ಮಾಡ್ತಿದ್ದೋನು ನಾನೇ ತಾನೆ."

ಲೋಟ ಕೆಳಗಿಟ್ಟು ಅವರೇ ಮುಂದುವರಿಸಿದರು. "ಮೊದಮೊದ್ಲು ರಾಜನ ಪಾರ್ಟ್‌ನೋನು ಶ್ರುತಿ ಬಿಟ್ರೆ, ಮೇಷ್ಟ್ರೇ ನಿಮ್ ಪೆಟ್ಟಿಗೆ ಸರಿಯಿಲ್ಲ ಅಂತಿದ್ದ. ಯಾವೂರಿಗೆ ಹೋದ್ರೂ ಇದೇ ಪಂಚಾಯ್ತಿ. ಒಂದಿನ ಬೇಜಾರಾಗಿ ಪ್ಯಾರಿಸ್ ರೀಡು ಕಣಯ್ಯಾ ಅಂದ್ಬಿಟ್ಟೆ. ಆವತ್ತಿಂದ ಪೆಟ್ಟಿಗೆ ಮೇಲೆ ಯಾರೂ ತಪ್ಪು ಹೊರಿಸ್ಲಿಲ್ಲ. ತಪ್ಪು ತಮ್ದೇ ಅಂದ್ಕೊಂಡು ಸರಿಯಾಗಿ ಹಾಡೋಕೆ ಕಲಿತ್ರು."

ಹರಾಜಿನಲ್ಲಿ ನಾನು ಇದ್ದದ್ದು ಇದ್ದ ಹಾಗೆ ಬರೆದೆ. ರೀಡು ಗುಜರಾತಿನದು, ತಿದಿಗೆ ತೇಪೆ ಹಾಕಿದೆ, ಎಡ ಪೆಡಲಿಗೆ ಹವಾಯಿ ಚಪ್ಪಲಿಯ ರಬ್ಬರು. ಹೌದು, ನಮ್ಮದಕ್ಕೂ. ಇಬ್ಬರು ಕೂಗಿದರು. ಮಾಲೂರಿನ ಕಡೆಯ ಒಂದು ರೆಸಾರ್ಟಿನವರು ಹೆಚ್ಚಿಗೆ ಕೂಗಿ, ಅಗಲ ಎಷ್ಟು ಎಂದು ಮಾತ್ರ ಕೇಳಿದರು. ಮೇಲೆ ಹೂಕುಂಡ ಇಡಬೇಕಂತೆ. ಇನ್ನೊಬ್ಬರು ಶ್ರೀನಿವಾಸಪುರದ ಹತ್ತಿರದ ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರು. "ನುಡಿಸೋಕಾ?" ಎಂದು ಫೋನಿನಲ್ಲಿ ಕೇಳಿದೆ. "ಇನ್ನೇನ್ ಮೇಡಂ, ಪೂಜೆ ಮಾಡೋಕಾ?" ಎಂದರು. ಅಪ್ಪ, "ಅವರಿಗೇ ಕೊಡು" ಎಂದರು.

ಅವರು ಟೆಂಪೋ ಮಾಡಿಕೊಂಡು ಬಂದರು. ಜೊತೆಗೆ ಆ ಊರ ನಾಟಕದ ರಾಜ. ಚೀಟಿ ಎತ್ತಿ ಪೆಟ್ಟಿಗೆಗೆ ದುಡ್ಡು ಹೊಂದಿಸಿದ್ದು ಅವನೇ ಆದ್ದರಿಂದ ಕಡೆಯ ಮಾತೂ ಅವನದೇ. ಮೇಷ್ಟ್ರು ಪೆಡಲು ತುಳಿದು ಶ್ರುತಿ ಹಿಡಿದರು, ರಾಜ ಒಂದು ಕಂದ ಪದ್ಯ ಎತ್ತಿಕೊಂಡ. ಮೇಲಿನ ಸ್ವರಕ್ಕೆ ಹೋಗುವಾಗ ಜಾರಿದ. ಇನ್ನೊಂದು ಸಲ ಹಾಡಿ, ಅಲ್ಲೇ ಜಾರಿದ.

"ಪೆಟ್ಟಿಗೆ ಯಾಕೋ ಸರಿಯಿಲ್ಲ ಮೇಷ್ಟ್ರೇ. ಬೇಡ ಬಿಡಿ, ಹೋಗಣ" ಎಂದು ಟವೆಲು ಕೊಡವಿ ಎದ್ದ.

ಅವರ ಮೇಷ್ಟ್ರು ತಲೆ ತಗ್ಗಿಸಿದರು. ಅಪ್ಪ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನನಗೆ ಅದರ ಮೇಲೆ ಹೂಕುಂಡ ಕಾಣಿಸಿತು.

"ಅದು ಪ್ಯಾರಿಸ್ ರೀಡು" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ರಾಜ ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. "ಮೊದ್ಲೇ ಹೇಳ್ಬಾರ್ದಾ ಮೇಡಂ" ಎಂದು ಮತ್ತೆ ಕೂತು, ಗಂಟಲು ಸರಿಮಾಡಿಕೊಂಡು, ಈ ಸಲ ಮೆಲ್ಲಗೆ, ಕಿವಿಗೊಟ್ಟು ಹಾಡಿದ. ಜಾರಲಿಲ್ಲ. ನಾನು ಬರೆದದ್ದನ್ನು ಓದಿಯೇ ಬಂದಿದ್ದ ಅವರ ಮೇಷ್ಟ್ರು ಕೊನೆಯವರೆಗೂ ತಲೆ ಎತ್ತಲಿಲ್ಲ.

ಪೆಟ್ಟಿಗೆ ಏರಿಸಿಕೊಂಡು ಟೆಂಪೋ ಬೀದಿಯ ತಿರುವು ದಾಟಿತು. ಅಪ್ಪ ಬಾಗಿಲಲ್ಲಿ ನಿಂತು, ಕೈಯನ್ನು ನನ್ನ ಹೆಗಲ ಮೇಲಿಟ್ಟರು.

"ಅನ್ನೀ ಅಬದ್ಧಾಲೇ" ಎಂದರು.