ಹೊಟ್ಟೆಯ ಮೇಲೊಂದು ಹರಕೆ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಯಾವ ಪೆಟ್ರೋಲ್ ಪಂಪಿನ ಶೌಚಾಲಯಕ್ಕೆ ಚಿಲಕವಿದೆ, ಯಾವುದಕ್ಕಿಲ್ಲ, ಯಾವ ಧಾಬಾದವನು ಕೇಳಿದರೆ ಮುಖ ಸಿಂಡರಿಸುತ್ತಾನೆ ಎಂಬುದೆಲ್ಲ ನನಗೆ ಗೊತ್ತಿದೆ. ಹೆಮ್ಮೆಗೆ ಹೇಳುತ್ತಿಲ್ಲ. ಬೇರೆಯವರು ಬಸ್ಸಿನ ಕಿಟಕಿಯಿಂದ ತೊಗರಿ ಹೊಲ ನೋಡುತ್ತಿದ್ದರು, ನಾನು ಇವನ್ನು ನೋಡುತ್ತ ಹೋಗುತ್ತಿದ್ದೆ.

ಕಮಲಾಪುರದ ಶಾಲೆಗೆ ವರ್ಗವಾದ ಮೇಲೆ ಇದು ಶುರುವಾಯಿತು. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಬೆಳಿಗ್ಗೆ ಸೀರೆಯ ನಿರಿಗೆ ಹಿಡಿಯುವಾಗಲೇ ಹೊಟ್ಟೆಯಲ್ಲಿ ಗುಡುಗುಡು. ಬಾಗಿಲಿಗೆ ಬೀಗ ಹಾಕಿ, ಮತ್ತೆ ತೆಗೆದು ಒಳಗೆ ಓಡಿದ್ದುಂಟು. ಬಸ್ಸು ಊರು ದಾಟಿತು, ಇನ್ನು ಇಳಿಯಲಾಗದು ಎಂದು ಅನ್ನಿಸಿದ್ದೇ ತಡ, ಕರುಳು ಹಿಂಡುತ್ತಿತ್ತು. ರವಿವಾರ ಮೆಣಸಿನಕಾಯಿ ಭಜಿ ತಿಂದರೂ ತೆಪ್ಪಗಿರುವ ಹೊಟ್ಟೆ ಸೋಮವಾರ ಬರೀ ಚಹಾಕ್ಕೆ ರಂಪ ಮಾಡುತ್ತಿತ್ತು.

ಕಾಲೋನಿಯ ಡಾಕ್ಟರು ರಕ್ತ ನೋಡಿದರು, ಸ್ಕ್ಯಾನ್ ಮಾಡಿಸಿದರು, ಕೊನೆಗೆ ಕಾಗದಗಳನ್ನೆಲ್ಲ ಒಟ್ಟು ಮಾಡಿ ನನ್ನ ಕಡೆ ಸರಿಸಿದರು.

"ಕರುಳಿಗಿ ಏನೂ ಆಗಿಲ್ರಿ. ನಿಮಗ ಅಂಜಿಕಿ ಆದ್ರ ಅದು ಹೊಟ್ಟ್ಯಾಗ ಕಾಣಸ್ತದ. ಇದು ಸುಳ್ಳ ಜಡ್ಡಲ್ಲ, ಭಾಳ ಮಂದಿಗಿ ಇರ್ತದ. ಉಪವಾಸ ಮಾತ್ರ ಇರಬ್ಯಾಡ್ರಿ. ಟೈಮಿಗಿ ಸರಿಯಾಗಿ ಸ್ವಲ್ಪ ಸ್ವಲ್ಪ ಉಣ್ಣರಿ."

ನನಗೆ ಸಿಟ್ಟು ಬಂತು. ಏನಾದರೂ ಆಗಿದ್ದರೆ ಗುಳಿಗೆ ನುಂಗಿ ಮುಗಿಸಬಹುದಿತ್ತು. ಏನೂ ಆಗಿಲ್ಲದ್ದಕ್ಕೆ ಏನು ಮಾಡುವುದು? ಮನೆಯವರು ಪೇಪರ್ ಓದುತ್ತಲೇ, "ಅಷ್ಟು ತ್ರಾಸ ಆಗ್ತಿದ್ರ ನೌಕರಿ ಬಿಡು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು. ಆ ನೌಕರಿ ಬಿಟ್ಟರೆ ನನ್ನದೆಂದು ಹೇಳಿಕೊಳ್ಳಲು ನನಗೆ ಬೇರೇನೂ ಇರಲಿಲ್ಲ. ಆದರೂ ಈ ವರ್ಷ ಮುಗಿಯಲಿ, ಬಿಟ್ಟುಬಿಡೋಣ ಎಂದು ಒಳಗೊಳಗೇ ಒಪ್ಪಿಕೊಂಡಿದ್ದೆ.

ಡಾಕ್ಟರು ಬೇಡವೆಂದದ್ದನ್ನೇ ನಾನು ಮಾಡಿದೆ. ಹೊಟ್ಟೆ ಖಾಲಿ ಇದ್ದರೆ ಅದಕ್ಕೆ ಓಡಿಸಲು ಏನೂ ಉಳಿಯುವುದಿಲ್ಲ ಎಂಬ ಲೆಕ್ಕ. ಬೆಳಿಗ್ಗೆ ಉಣ್ಣುತ್ತಿರಲಿಲ್ಲ, ಸಂಜೆಯ ಬಸ್ಸಿಗೆ ಹೆದರಿ ಮಧ್ಯಾಹ್ನವೂ ಉಣ್ಣುತ್ತಿರಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಡಬ್ಬಿ ಬಿಚ್ಚಿದ ಮೇಲೆ ಒಬ್ಬರನ್ನು ಹಾಗೇ ಕೂರಲು ಬಿಡುವುದಿಲ್ಲ. ಮೊದಲ ದಿನ ಸೋಮವಾರವಿತ್ತು. "ಒಪ್ಪತ್ತೇನ್ರಿ?" ಎಂದರು ಜೊತೆಯ ಟೀಚರುಗಳು. ತಲೆಯಾಡಿಸಿದೆ. ಮರುದಿನವೂ ಉಣ್ಣಲಿಲ್ಲ, ದೇವಿಯ ವಾರವೆಂದು ಅವರೇ ತಿಳಿದುಕೊಂಡರು. ಗುರುವಾರ ದತ್ತ, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಪ್ಪ. ಬುಧವಾರಕ್ಕೊಬ್ಬ ದೇವರು ಹೊಂದಿಸಲು ಅವರಿಗೆ ಸ್ವಲ್ಪ ಕಷ್ಟವಾಯಿತು, ಆದರೂ ಹೊಂದಿಸಿದರು. ಹಸಿದವಳಿಗೆಂದು ಯಾರೋ ಶೇಂಗಾ ಸುರಿದ ಸಾಬುದಾಣಿ ಖಿಚಡಿ ತಂದುಕೊಟ್ಟರು. ನನ್ನ ಹೊಟ್ಟೆಯ ಪಾಲಿಗೆ ಅದರಷ್ಟು ದೊಡ್ಡ ವೈರಿ ಇರಲಿಲ್ಲ.

ನಂಬದವರು ಒಬ್ಬರೇ. ನನಗಿಂತ ಹಿರಿಯರಾದ ಗಣಿತದ ಟೀಚರು, ಕಮಲಾಪುರದ ಸೊಸೆ, ಕೆಂಪು ಬಾಳೆಯ ತೋಟದವರು. ದಿನಾ ಊಟವಾದ ಮೇಲೆ ಸೆರಗಿನ ಮರೆಯಿಂದ ಒಂದು ಕೆಂಪು ಬಾಳೆಹಣ್ಣು ತೆಗೆದು ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಒಂದು ದಿನ ನನ್ನನ್ನು ಬದಿಗೆ ಕರೆದರು.

"ವಾರ ಪೂರ್ತಿ ಒಪ್ಪತ್ತು ಕೇಳೋ ದೇವ್ರು ಎಲ್ಲೂ ಇಲ್ರಿ. ಖರೇ ಹೇಳ್ರಿ, ಏನಾಗ್ಯಾದ?"

ಹೇಳಿದೆ. ಬಸ್ಸು, ಪಂಪು, ಚಿಲಕ ಎಲ್ಲವನ್ನೂ. ಅವರು ನಗಲಿಲ್ಲ. ಮರುದಿನ ಊಟವಾದ ಮೇಲೆ ಹಣ್ಣು ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ಯಾಕಕ್ಕಾ ಎಂದು ಕೇಳಿದೆ.

"ಬಿಟ್ಟೀನಿ. ನೀವು ಇಲ್ಲಿ ಕುಂತು ಹೊಟ್ಟಿ ತುಂಬ ಉಂಡು ಬಸ್ ಹತ್ತೋ ತನಕ ಕೆಂಪು ಬಾಳಿ ಮುಟ್ಟಂಗಿಲ್ಲ ಅಂತ ಬೇಡ್ಕೊಂಡೀನಿ."

ಅಂಜಿಕೆಯಿಂದ ಕೆಟ್ಟ ಹೊಟ್ಟೆಗೆ ಇದಕ್ಕಿಂತ ಕೆಟ್ಟ ಔಷಧಿಯನ್ನು ಯಾರೂ ಕಂಡುಹಿಡಿಯಲಾರರು. ಮೊದಲು ನನ್ನ ಭಯವೊಂದೇ ಇತ್ತು, ಈಗ ಅದರ ಮೇಲೆ ಅವರ ಹರಕೆಯೂ ಬಂದು ಕೂತಿತು. ತೋಟದಲ್ಲಿ ಗೊನೆ ಕೊಯ್ಯುವ ಕಾಲ. ಮನೆಯವರೆಲ್ಲ ತಿನ್ನುವಾಗ ಅವರು ಎದ್ದು ಹೊರಗೆ ಹೋಗುತ್ತಾರೆಂದು ಕೇಳಿದ ದಿನ ಬಸ್ಸಿನಲ್ಲಿ ನನಗೆ ಬೆವರು ಕಿತ್ತುಕೊಂಡು ಬಂತು. ಯಾರು ಕೇಳಿದ್ದರು ಈಕೆಗೆ, ಎಂದು ಬೈದುಕೊಂಡೆ. ಅವರ ಮೇಲೆ ಪ್ರೀತಿಯೂ ಉಕ್ಕಿತು. ಎರಡನ್ನೂ ಒಟ್ಟಿಗೆ ತಾಳಿಕೊಳ್ಳಲು ನನ್ನ ಹೊಟ್ಟೆಗೆ ಆಗಲಿಲ್ಲ.

ಮಳೆಗಾಲ ಹೋಗಿ ಚಳಿ ಬಂತು. ಅವರು ಒಮ್ಮೆಯೂ ಉಣ್ಣಿರೆಂದು ಒತ್ತಾಯಿಸಲಿಲ್ಲ. ಒಂದು ಮಧ್ಯಾಹ್ನ ಅವರು ಹಣ್ಣಿಗಾಗಿ ಸೆರಗಿನ ಕಡೆ ಕೈ ಹಾಕಿ, ನೆನಪಾಗಿ, ಕೈಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡರು. ನೋಡಲಾಗಲಿಲ್ಲ. ಅವರ ಡಬ್ಬಿಯನ್ನು ಎಳೆದುಕೊಂಡೆ. ಜೋಳದ ರೊಟ್ಟಿ, ಹೆಸರುಬೇಳೆ, ಮೊಸರು. ಹೊಟ್ಟೆ ತುಂಬ ಉಂಡೆ. ಅವರು ಇನ್ನೊಂದು ರೊಟ್ಟಿ ಮುರಿದು ಹಾಕಿದರು.

ಸಂಜೆ ಬಸ್ ಹತ್ತಿದೆ. ಮಹಾಗಾಂವ ಕ್ರಾಸ್ ಬರುವ ಮೊದಲೇ ಹೊಟ್ಟೆ ತಿರುವಿತು. ವರ್ಷದಿಂದ ಹೆದರಿದ್ದು ಇದಕ್ಕೇ. ಬಸ್ಸಿನ ತುಂಬ ಜನ. ಎದ್ದು ನಿಂತು ಕಂಡಕ್ಟರನಿಗೆ, "ಪಂಪ್ ಹತ್ರ ಒಂದೀಟು ನಿಲ್ಲಸ್ರಿ, ನನಗ ಹೊಟ್ಟಿ ಸರಿ ಇಲ್ಲ" ಎಂದೆ. ದನಿ ನನ್ನದಲ್ಲವೆನ್ನಿಸಿತು. ಕಂಡಕ್ಟರ್ ಹುಡುಗ ಸೀಟಿ ಊದಿದ. ಪಕ್ಕದಲ್ಲಿದ್ದ ಮೋಮಿನಪುರದ ಅಜ್ಜಿ ನನ್ನ ಬ್ಯಾಗನ್ನು ತಮ್ಮ ತೊಡೆಯ ಮೇಲೆಳೆದುಕೊಂಡು, "ಜಾವ್ ಮಾ, ಮೈ ಪಕಡ್ತೂಂ" ಎಂದು ಹೋಗಿಬರಲು ಹೇಳಿದರು. ಆ ಪಂಪಿನದಕ್ಕೆ ಚಿಲಕವಿತ್ತು. ಮರಳಿ ಬಂದಾಗ ಬಸ್ಸು ಅಲ್ಲೇ ಇತ್ತು. ಒಬ್ಬ ನಿದ್ದೆ ಹೋಗಿದ್ದ, ಇಬ್ಬರು ಮೊಬೈಲಿನಲ್ಲಿದ್ದರು, ಯಾರೋ ಶೇಂಗಾ ಬಿಡಿಸುತ್ತಿದ್ದರು. ಕಂಡಕ್ಟರ್, "ಹೋಗೂಣೇನ್ರಿ?" ಎಂದ. ಹೋದೆವು.

ಆದರೂ ರಾತ್ರಿಯೆಲ್ಲ ಕೊರಗಿದೆ, ಹರಕೆ ಕೆಟ್ಟಿತು ಎಂದು. ಮರುದಿನ ಶಾಲೆಯಲ್ಲಿ ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

"ಏನೂ ಆಗಲಿಲ್ಲಕ್ಕಾ" ಎಂದೆ.

"ಸುಳ್ಳ್ ಹೇಳಬ್ಯಾಡ್ರಿ. ಆ ಕಂಡಕ್ಟರ್ ನಮ್ಮ ತಂಗಿ ಮಗ."

ನಾನು ತಲೆ ತಗ್ಗಿಸಿದೆ. ಅವರು ಸೆರಗಿನ ಮರೆಯಿಂದ ಕೆಂಪು ಬಾಳೆಹಣ್ಣು ತೆಗೆದು, ಸಾವಕಾಶವಾಗಿ ಸಿಪ್ಪೆ ಸುಲಿಯತೊಡಗಿದರು.

"ನೀವು ಉಂಡು ಬಸ್ ಹತ್ತಬೇಕು ಅಂತ ಬೇಡ್ಕೊಂಡಿದ್ದೆ. ಬಸ್ ನಿಲ್ಲಬಾರದು ಅಂತ ನಾ ಯಾವಾಗ ಬೇಡ್ಕೊಂಡೀನಿ? ನಿಂತ್ರ ನಿಲ್ಲಲೇಳ್ರಿ."

ಅರ್ಧ ಹಣ್ಣು ಮುರಿದು ನನ್ನ ಕೈಗಿಟ್ಟರು. ಇನ್ನರ್ಧವನ್ನು ಕಣ್ಣು ಮುಚ್ಚಿ ತಿಂದರು. ಸಂಜೆಯ ಬಸ್ಸು ಇನ್ನೂ ದೂರವಿತ್ತು. ನಾನೂ ತಿಂದೆ.