ಸೊಸೆ ಬೆಚ್ಚಿಬೀಳುವುದು ಯಾಕೆ

ನನ್ನ ದನಿ ದೊಡ್ಡದು. ಅದಕ್ಕೆ ಕಾರಣ ನನ್ನ ಗಂಡ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ ಯಂತ್ರದ ಬಾಜೂಕ್ಕೆ ನಿಂತು ಅವರ ಕಿವಿ ಮಂದವಾಗಿತ್ತು. ಮೆಲ್ಲಗೆ ಮಾತಾಡಿದರೆ ‘ಏನಂದಿ?’ ಅಂತ ಮೂರು ಸಲ ಕೇಳುವವರು. ಮೂರು ಸಲ ಹೇಳುವುದಕ್ಕಿಂತ ಒಂದು ಸಲ ಒದರುವುದು ಸಸಾರ ಅಂತ ನಾನು ಒದರುವುದನ್ನೇ ರೂಢಿ ಮಾಡಿಕೊಂಡೆ. ಅವರು ಹೋಗಿ ಆರು ವರ್ಷವಾಯಿತು. ದನಿ ಹಾಗೇ ಉಳಿಯಿತು.

ಸೊಸೆ ದೇವದುರ್ಗದವಳು. ನಮ್ಮ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಒಂದೇ ದೋಷ. ನಾನು ಹಿಂದಿನಿಂದ ಕರೆದರೆ ಬೆಚ್ಚಿಬೀಳುತ್ತಾಳೆ, ಕೈಯಲ್ಲಿದ್ದ ಲೋಟ ನೆಲಕ್ಕೆ. ‘ಕೈಯಾಗ ಜೀವ ಇಲ್ಲೇನ ಬೇ?’ ಅಂತ ಬೈದು ಸುಮ್ಮನಾಗುತ್ತಿದ್ದೆ.

ಹೋದ ಶ್ರಾವಣದಲ್ಲಿ ಅವಳು ಅನ್ನದ ಗಂಜಿ ಬಸಿಯುತ್ತಿದ್ದಳು. ನಾನು ಹೋಗಿ ಅವಳ ಬೆನ್ನ ಹಿಂದೆಯೇ ನಿಂತು ಚಹಾಪುಡಿ ಎಲ್ಲಿ ಅಂತ ಕೇಳಿದೆ. ಕೇಳಿದ್ದು ಅಷ್ಟೇ. ಪಾತ್ರೆ ಜಾರಿ ಕುದಿಯುವ ಗಂಜಿ ಅವಳ ಎಡಗೈ ಮೇಲೆ ಬಿತ್ತು. ನಳದ ಕೆಳಗೆ ಕೈ ಹಿಡಿಸಿ, ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಅಳಲಿಲ್ಲ.

ಮೂರನೇ ದಿನ ಅವಳ ತಾಯಿ, ನನ್ನ ಬೀಗತಿ, ದೇವದುರ್ಗದ ಬಸ್ಸು ಹಿಡಿದು ಬಂದಳು. ಮಗಳ ಕೈಯ ಪಟ್ಟಿ ನೋಡಿ, ಗೋಡೆಗೆ ಹೇಳಿದ ಹಾಗೆ ಹೇಳಿದಳು: “ನಮ್ಮ ಮನ್ಯಾಗ ಇದ್ದಾಗ ಹಿಂಗ ಬೆಚ್ಚತಿದ್ದಿಲ್ಲ. ಒಳಗ ಅಂಜಿಕಿ ಹೊಕ್ಕಿದ್ರ ಹಿಂಗ ಆಗ್ತದ.”

“ಯಾರ ಅಂಜಿಕಿ?” ಅಂದೆ.

“ನಾ ಯಾರ ಹೆಸರು ಹೇಳಿದೆ?” ಅಂದು ಚಹಾ ಕುಡಿದಳು.

ಇಂಥ ಮಾತಿಗೆ ಅಳುವವಳು ನಾನಲ್ಲ. ಆದರೆ ಆ ದಿನ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ನನ್ನ ಅತ್ತೆಗೆ ನಾನು ಎಷ್ಟು ಅಂಜಿದ್ದೆ ಅಂತ ನನಗೆ ಗೊತ್ತು. ಅವರ ಮುಂದೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ನಾನು ಅಂಥ ಅತ್ತೆ ಆಗುವುದಿಲ್ಲ ಅಂತ ಮಲ್ಲಟದ ತವರಿನಲ್ಲಿ ಅವ್ವನ ಮುಂದೆ ಆಣೆ ಮಾಡಿದ್ದೆ. ಆ ಆಣೆ ಉಳಿಯಿತೋ ಮುರಿಯಿತೋ, ಅದು ಗೊತ್ತಾಗಬೇಕಿತ್ತು.

ಮೊಮ್ಮಗಳು ಕಾಲೇಜಿನಲ್ಲಿ ಮನಸ್ಸಿನ ಶಾಸ್ತ್ರ ಓದುತ್ತಾಳೆ. ನಾನು ಮೂರನೇ ಕ್ಲಾಸಿಗೇ ಪಾಟಿ ಕೆಳಗಿಟ್ಟು ಸಾಲಿ ಬಿಟ್ಟವಳು. ಅವಳ ಓದಿನ ವಿಷಯವೇ ಮನುಷ್ಯರು ಬೆಚ್ಚಿಬೀಳುವುದು. ಇದಕ್ಕೂ ಡಿಗ್ರಿ ಕೊಡುತ್ತಾರಾ ಅಂತ ಮೊದಲು ನಕ್ಕಿದ್ದೆ. ಅವಳು ಹೇಳುವುದು ಹೀಗೆ: ಫಟ್ ಅಂತ ಸಪ್ಪಳವಾದರೆ ಎಲ್ಲರ ಕಣ್ಣೂ ಮುಚ್ಚುತ್ತವೆ, ಬೇಡವೆಂದರೂ ನಿಲ್ಲುವುದಿಲ್ಲ. ಆದರೆ ಎಷ್ಟು ಜೋರಾಗಿ ಮುಚ್ಚುತ್ತವೆ ಅನ್ನುವುದು ಆಗ ಮನಸ್ಸಿನಲ್ಲಿ ಏನಿದೆ ಅನ್ನುವುದರ ಮೇಲೆ. ಅಂಜಿಕೆ ಹುಟ್ಟಿಸುವುದನ್ನು ನೋಡುತ್ತಿದ್ದರೆ ಜೋರು. ಪ್ರೀತಿಯದನ್ನು ನೋಡುತ್ತಿದ್ದರೆ ಮೆಲ್ಲಗೆ. ಸೊಸೆಯ ಗಾಯ ಒಣಗಿದ ಮೇಲೆ ಒಮ್ಮೆ, ಕೈ ಪಳಗಲಿ ಅಂತ, ಅದನ್ನು ಅಳೆಯುವ ಕಾಲೇಜಿನ ಯಂತ್ರವನ್ನು ಎರಡು ದಿನಕ್ಕೆ ಮನೆಗೆ ತಂದಳು.

“ನಿಮ್ಮವ್ವಗ ಹಚ್ಚು. ನನ್ನ ಫೋಟೊ ತೋರಸು,” ಅಂದೆ.

“ಹಂಗ ಬರಂಗಿಲ್ಲ ಅಜ್ಜಿ. ಒಬ್ಬರನ್ನ ಒಂದ ಸಲ ನೋಡಿ ಏನೂ ಹೇಳಾಕ ಆಗಂಗಿಲ್ಲ.”

“ಹೇಳಬ್ಯಾಡ. ತೋರಸು.”

ಸೊಸೆ ಅದನ್ನೂ ಒಂದು ಆಟವೆಂದು ಒಪ್ಪಿದಳು. ಕಣ್ಣ ಕೆಳಗೆ ವೈರು, ಕಿವಿಗೆ ಸಪ್ಪಳ ಕೇಳಿಸುವ ದೊಡ್ಡ ಡಬ್ಬಿ. “ನೋಡ್ರಿ ಅತ್ತಿ, ನಿಮ್ಮ ಮೊಮ್ಮಗಳು ನನ್ನ ಚಾರ್ಜಿಗೆ ಹಚ್ಯಾಳ,” ಅಂದಳು. ಲ್ಯಾಪ್‌ಟಾಪಿನಲ್ಲಿ ಹಾವು ಬಂತು, ಹಲ್ಲು ಕಿಸಿದ ನಾಯಿ ಬಂತು, ಮಗಳ ತೊಟ್ಟಿಲ ಫೋಟೊ ಬಂತು, ಆಮೇಲೆ ನಾನು. ಒಂದೊಂದು ಚಿತ್ರಕ್ಕೂ ಕಿವಿಯಲ್ಲಿ ಫಟ್ ಅಂದಾಗ ಅವಳು ಎಷ್ಟು ಬೆಚ್ಚಿದಳೋ ಅಷ್ಟು ಎತ್ತರ ಗೆರೆಗಳು ಕುಣಿದವು.

“ಏನ ಬಂತು?”

“ಹಾವಿಗಿಂತ ಕಡಿಮಿ ಬಂದದ ಅಜ್ಜಿ.”

“ನಾಯಿಗಿಂತ?”

ಮೊಮ್ಮಗಳು ಗೆರೆ ನೋಡಿದಳು, ನನ್ನ ಮುಖ ನೋಡಿದಳು. “ನಾಯಿಗಿಂತ… ಸ್ವಲ್ಪ ಹೆಚ್ಚು.”

ಸೊಸೆ ವೈರು ಅಲುಗಾಡುವ ಹಾಗೆ ನಕ್ಕಳು. ನನಗೆ ನಗು ಬರಲಿಲ್ಲ.

ಮೊಮ್ಮಗಳು ಮಾತು ತಿರುಗಿಸಲು ಇನ್ನೊಂದು ಮಾಡಿ ತೋರಿಸಿದಳು. ದೊಡ್ಡ ಸಪ್ಪಳಕ್ಕಿಂತ ಕಣ್ಣೆವೆ ಮಿಟುಕುವಷ್ಟು ಹೊತ್ತು ಮೊದಲು ಒಂದು ಸಣ್ಣ ಸಪ್ಪಳ ಕೊಟ್ಟರೆ ಅದೇ ಮನುಷ್ಯ ಅಷ್ಟು ಬೆಚ್ಚುವುದಿಲ್ಲವಂತೆ. ಹೌದು, ಗೆರೆ ತಣ್ಣಗಾಯಿತು.

ಸೊಸೆ ವೈರು ಕಿತ್ತುಕೊಳ್ಳುತ್ತ ಕೇಳಿದಳು: “ಮಾವ ಇದ್ದಾಗ ನಾ ಒಂದರ ಲೋಟ ಕೆಡವೀನೇನ್ರಿ?”

ನೆನೆಸಿದೆ. ಇಲ್ಲ.

“ಆಗ ನಿಮ್ಮ ಕೈಬಳಿ, ಕಾಲುಂಗುರ, ಎಲ್ಲಾ ಪಡಸಾಲ್ಯಾಗಿಂದನ ಕೇಳತಿತ್ತು. ಈಗ ಬೆಕ್ಕಿನಂಗ ಬರತೀರಿ, ಬಂದು ಹುಲಿಯಂಗ ಒದರತೀರಿ.”

ಗಂಡ ಹೋದ ದಿನ ನಮ್ಮ ಹೆಂಗಸರು ಪದ್ಧತಿ ಪ್ರಕಾರ ನನ್ನ ಬಳೆ ಒಡೆದು ಕಾಲುಂಗುರ ತೆಗೆದಿದ್ದರು. ಅಂದಿನಿಂದ ಈ ಶಾಬಾದ್ ಕಲ್ಲಿನ ನೆಲದ ಮೇಲೆ ನನ್ನ ಹೆಜ್ಜೆಗೆ ಸಪ್ಪಳವೇ ಇಲ್ಲ. ಆರು ವರ್ಷ ನಡೆದಾಡಿದವಳು ನಾನು. ಗೊತ್ತಾಗಿದ್ದು ಅವಳಿಗೆ.

“ಅವ್ವ, ನಾ ಹೇಳಿದ ಸಣ್ಣ ಸಪ್ಪಳ ಬ್ಯಾರೆ, ಈ ಕೈಬಳಿ ಸಪ್ಪಳ ಬ್ಯಾರೆ,” ಅಂದಳು ಮೊಮ್ಮಗಳು.

“ನಿನ್ನ ಪುಸ್ತಕದಾಗ ಬ್ಯಾರೆ ಇರಬಹುದು. ನನ್ನ ಅಡಗಿ ಮನ್ಯಾಗ ಒಂದ.”

ನನಗೆ ಇನ್ನೂ ಸಮಾಧಾನವಿಲ್ಲ. “ಅದೆಲ್ಲ ಇರಲಿ. ನನಗ ಅಂಜತೀ ಏನ? ಸುಳ್ಳ ಹೇಳಬ್ಯಾಡ.”

ಅವಳು ಸುಟ್ಟ ಕೈಯ ಕಲೆ ಸವರಿಕೊಂಡಳು. “ಮೊದಲ ಅಂಜತಿದ್ದೆ ರೀ. ಹತ್ತು ವರ್ಷ ಅಂಜೀನಿ. ಆವಾಗ ಕಿವಿ ಯಾವಾಗ್ಲೂ ನಿಮ್ಮ ಕಡೇನ ಇರತಿತ್ತು. ನೀವು ಬಚ್ಚಲದಾಗ ಕೆಮ್ಮಿದ್ರ ನಾ ಇಲ್ಲಿ ಎದ್ದು ನಿಂದರತಿದ್ದೆ. ಬೆಚ್ಚಾಕ ಪುರಸತ್ತ ಎಲ್ಲಿತ್ತು? ಈಗ ಮನಿ ನಂದು ಅಂತ ಏನೇನೋ ವಿಚಾರ ಮಾಡಕೋತ ನಿಂತಿರತೀನಿ. ನಿಮ್ಮ ಮ್ಯಾಲೆ ಲಕ್ಷ್ಯಾನ ಇರಂಗಿಲ್ಲ. ಅದಕ್ಕ ಬೆಚ್ಚತೀನಿ.”

ಹತ್ತು ವರ್ಷ ಅಂದದ್ದು ಚುಚ್ಚಿತು. ಅವ್ವನ ಮುಂದಿನ ಆಣೆ ಹತ್ತು ವರ್ಷ ಸುಳ್ಳಾಗಿತ್ತು. ಆದರೆ ಮುಖ ನೋಡಿ ಹೇಳಿದಳಲ್ಲ. ನನ್ನ ಅತ್ತೆಗೆ, ಅವರು ಸಾಯುವ ತನಕ, ನಾನು ಹೇಳಲಿಲ್ಲ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಏನೋ ಬರೆದು, ತಲೆ ಕೆರೆದು, ಹೊಡೆದು ಹಾಕಿದಳು.

ಈಗ ನಾನು ಪಡಸಾಲೆಯಿಂದಲೇ ಮಾತು ಶುರು ಮಾಡುತ್ತೇನೆ. ‘ಬಂದೆ, ಉಪ್ಪಿಗೆ ಬಂದೆ, ಮೊಸರು ಎಲ್ಲೈತಿ ನೋಡಾಕ ಬಂದೆ’ ಅಂತ ಅಡುಗೆಮನೆ ಹೊಸ್ತಿಲ ತನಕ ವಟಗುಟ್ಟುತ್ತ ಹೋಗುತ್ತೇನೆ. ಪಕ್ಕದ ಮನೆಯ ಬಟ್ಟೆ ಅಂಗಡಿಯವರ ಹೆಂಡತಿ ಮೊನ್ನೆ ಸೊಸೆಯನ್ನು ಗೇಟಿನ ಹತ್ತಿರ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದಳು: “ನಿಮ್ಮ ಅತ್ತಿ ಒಬ್ಬರ ಮಾತಾಡಾಕತ್ಯಾರಲ್ರೀ, ಡಾಕ್ಟರಿಗೆ ತೋರಿಸ್ರಿ.”

ನಾನು ಬಾಗಿಲ ಹಿಂದೆಯೇ ಇದ್ದೆ.

“ಒಬ್ಬರ ಎಲ್ಲಿ ಮಾತಾಡ್ತಾರ್ರೀ,” ಅಂದಳು ಸೊಸೆ. “ನನ್ನ ಜೋಡಿ ಮಾತಾಡ್ತಾರ. ನಾ ಒಳಗ ಇರತೀನಿ, ನಿಮಗ ಕಾಣಂಗಿಲ್ಲ ಅಷ್ಟ.”